ಮಣ್ಣು ತುಂಬಿದ ಚೆಂಡು

ಲಾಶೆತಿ, ಗುರಿಯಾ ಸೀಮೆ, ಜಾರ್ಜಿಯಾ
೧೫ ನವೆಂಬರ್ ೨೦೧೭

ಪ್ರೀತಿಯ ತಮ್ಮ ಜುಂಬೆರ್,

ಇವತ್ತಿಗೆ ಅಪ್ಪ ಹೋಗಿ ನಲವತ್ತು ದಿನ. ಬೆಳಗಿನಿಂದಲೇ ಮಂಜು ಇಳಿದಿತ್ತು. ಚಹಾ ತೋಟ ಕಾಣಲಿಲ್ಲ, ಅದರಾಚೆಯ ಇಗರ್ಜಿಯೂ ಕಾಣಲಿಲ್ಲ. ಗಂಟೆಯ ಸದ್ದೊಂದು ಬೇರೆ ಯಾವುದೋ ಊರಿನಿಂದ ದಾರಿ ತಪ್ಪಿ ಬಂದ ಹಾಗೆ ಬಂತು. ಅಂಗಳದ ಉದ್ದಕ್ಕೂ ಮೇಜು ಹಾಕಿದ್ದೆವು. ಜನ ಮಂಜಿನೊಳಗಿಂದ ಒಬ್ಬೊಬ್ಬರಾಗಿ ಮೂಡಿ ಬಂದರು, ಉಂಡರು, ಅಪ್ಪನ ಹೆಸರು ಹೇಳಿ ವೈನ್ ಕುಡಿದರು, ಮತ್ತೆ ಮಂಜಿನೊಳಕ್ಕೇ ಹೋದರು. ಒಂದು ಕುರ್ಚಿ ಖಾಲಿ ಬಿಟ್ಟಿದ್ದೆ. ಯಾರಿಗೆ ಅಂತ ಯಾರೂ ಕೇಳಲಿಲ್ಲ.

ಅಪ್ಪ ಹೋದ ಮಾರನೆಯ ದಿನ ಫೋನಿನಲ್ಲಿ ನೀನು ಆಡಿದ್ದು ಎರಡೇ ಮಾತು. "ಅಕ್ಕಾ, ಮಣ್ಣಿಗೆ ಬರೋಕಾಗಲ್ಲ. ಶನಿವಾರ ಮ್ಯಾಚ್ ಇದೆ." ದನಿ ನೀರಿನಡಿಯಿಂದ ಬಂದ ಹಾಗಿತ್ತು. ನಾನು ಆ ಮಾತನ್ನು ಹಾಗೆಯೇ ಊರಿಗೆ ಹೇಳಿದೆ. ಅಂಗಡಿಯ ಗೋಚಾ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, "ಎತೆರಿ, ನಾನು ಫೋನಲ್ಲಿ ಹುಡುಕಿ ನೋಡ್ದೆ ಕಣೇ. ಆ ಶನಿವಾರದ ಪಟ್ಟೀಲಿ ನಿನ್ನ ತಮ್ಮನ ಹೆಸರೇ ಇರ್ಲಿಲ್ಲ" ಅಂದ.

"ನಿನ್ನ ಕಣ್ಣಿಗೆ ಪೊರೆ ಬಂದಿದೆ, ಮೊದ್ಲು ಅದನ್ನ ತೆಗೆಸ್ಕೊ" ಅಂದೆ.

ಊಟವಾದ ಮೇಲೆ ಹಿರಿಯರು ಕೂತು, ಈಸ್ಟರಿನ ಆಟದ ಮಣ್ಣಿನ ಚೆಂಡನ್ನು ಇನ್ನು ಯಾರು ಹೊಲಿಯಬೇಕು ಎಂದು ಮಾತು ತೆಗೆದರು. ನಲವತ್ತೊಂದು ವರ್ಷ ಅಪ್ಪನೇ ಹೊಲಿದದ್ದು. ನಾನು ಹೊಲಿಯುತ್ತೇನೆ ಎಂದೆ. ಅನ್ಜೋರ್ ತಾತ ಗಡ್ಡ ಕೆರೆದುಕೊಂಡು, "ಹೆಣ್ಣು ಮಗಳು ಹೊಲಿದದ್ದು ನಾ ಕಂಡಿಲ್ಲವಲ್ಲಮ್ಮಾ" ಅಂದ. "ಹೊಲಿಯೋದು ಸೂಜಿ ತಾತಾ, ಮೀಸೆ ಅಲ್ಲ" ಅಂದೆ. ಆ ದಿನ ಜನ ನಕ್ಕದ್ದು ಅದೊಂದೇ ಸಲ. ಅಪ್ಪನ ದಬ್ಬಳ ಈಗ ನನ್ನ ಕೈಯಲ್ಲಿದೆ.

ಫೋನ್ ಮಾಡಬೇಡ, ಬರೆ. ಫೋನಿನಲ್ಲಿ ನಾವಿಬ್ಬರೂ ಬರೀ ಹವೆಯ ವಿಷಯ ಮಾತಾಡಿ ಇಡುತ್ತೇವೆ ಎಂದು ಅಪ್ಪ ಹೇಳುತ್ತಿದ್ದದ್ದು ಸುಳ್ಳಲ್ಲ.

ನಿನ್ನ ಅಕ್ಕ,
ಎತೆರಿ


ವಾಲ್‌ಬ್ರೂನ್, ಫ್ರಾನ್ಸ್
೯ ಡಿಸೆಂಬರ್ ೨೦೧೭

ಅಕ್ಕಾ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ಕಿಟಕಿಯ ಮೇಲಿಟ್ಟಿದ್ದೇನೆ. ಇಲ್ಲಿಯೂ ಬೆಳಗಾದರೆ ಮಂಜು. ನದಿಯ ಮೇಲಿನಿಂದ ಎದ್ದು ಆಟದ ಮೈದಾನಕ್ಕೆ ಬಂದು ಮಲಗುತ್ತದೆ. ಕಂಬಗಳ ತುದಿ ಮಾತ್ರ ಮೇಲೆ ಕಾಣುತ್ತದೆ, ಮುಳುಗಿದ ಹಡಗಿನ ಹಾಗೆ.

ಕಾಲಿಗೆ ಸ್ವಲ್ಪ ಪೆಟ್ಟಾಗಿದೆ, ವಿಶ್ರಾಂತಿಯಲ್ಲಿದ್ದೇನೆ. ಗಾಬರಿಯಾಗುವಂಥದ್ದಲ್ಲ.

ಸುಮ್ಮನೆ ಕೂತಾಗ ಹನ್ನೊಂದು ವರ್ಷ ನಾನು ಮಾಡಿದ್ದೇನು ಎಂದು ಯೋಚಿಸುತ್ತೇನೆ. ಊರಿನಲ್ಲಿ 'ರಗ್ಬಿ ಆಡ್ತಾನೆ' ಅನ್ನುತ್ತಾರೆ. ಆಡುವವರು ಹಿಂದಿನ ಸಾಲಿನ ತೆಳ್ಳನೆಯವರು ಅಕ್ಕಾ. ಅವರು ಓಡುತ್ತಾರೆ, ಚೆಂಡು ಎಸೆಯುತ್ತಾರೆ, ಫೋಟೊಗೆ ನಿಲ್ಲುತ್ತಾರೆ. ನಾನು ಮೊದಲ ಸಾಲಿನ ಬಲಗಡೆಯವನು. ನಮ್ಮ ಎಂಟು ಮಂದಿ, ಅವರ ಎಂಟು ಮಂದಿ, ಎತ್ತುಗಳ ಹಾಗೆ ತಲೆಗೆ ತಲೆ ಸಿಕ್ಕಿಸಿ ತಳ್ಳುತ್ತೇವೆ. ಅದಕ್ಕೆ ಸ್ಕ್ರಮ್ ಎನ್ನುತ್ತಾರೆ. ನನ್ನ ಕತ್ತಿನ ಎರಡೂ ಕಡೆ ಎದುರು ತಂಡದವರು ಬಂದು ಒರಗುತ್ತಾರೆ. ಹಿಂದಿನಿಂದ ಟೋಂಗಾ ದ್ವೀಪದ ಫೆಲೆತಿ ನನ್ನ ತೊಡೆಗೆ ಹೆಗಲು ಕೊಟ್ಟು ತಳ್ಳುತ್ತಾನೆ. ತಳ್ಳುವಾಗಲೂ ತನ್ನ ಊರಿನ ಭಜನೆ ಗುನುಗುತ್ತಿರುತ್ತಾನೆ. ನನ್ನ ಕೆಲಸ ಬೀಳದೆ ಇರುವುದು. ಅಷ್ಟೇ. ಕುತೈಸಿಯಲ್ಲಿ ಎರಡು ವರ್ಷ ಬೀಳಲಿಲ್ಲ, ತಿಬಿಲಿಸಿಯಲ್ಲಿ ಎರಡು ವರ್ಷ ಬೀಳಲಿಲ್ಲ, ಇಲ್ಲಿ ಮೂರು ತಂಡಗಳಲ್ಲಿ ಏಳು ವರ್ಷ ಬೀಳಲಿಲ್ಲ. ಬಂದ ವರ್ಷ ನನಗೆ ಬರುತ್ತಿದ್ದ ಭಾಷೆ ಮೂರೇ ಶಬ್ದ: ಬಗ್ಗು, ಹಿಡಿ, ತಳ್ಳು. ಅಂಗಡಿಯಲ್ಲಿ ರೊಟ್ಟಿ ಕೊಳ್ಳಲು ಅವು ಉಪಯೋಗಕ್ಕೆ ಬರಲಿಲ್ಲ.

ಅಪ್ಪ ಪ್ರತಿ ಸಲ ಕೇಳುತ್ತಿದ್ದ, "ಆ ಗುಂಪಿನೊಳಗೆ ಏನು ಕಾಣತ್ತೋ?" ಅಂತ. "ಏನೂ ಕಾಣಲ್ಲಪ್ಪ" ಅನ್ನುತ್ತಿದ್ದೆ. ಅದು ನಿಜವಲ್ಲ.

ಖಾಲಿ ಕುರ್ಚಿಯ ವಿಷಯ ಓದಿದೆ.

ಜುಂಬೆರ್


ಲಾಶೆತಿ
೮ ಜನವರಿ ೨೦೧೮

ತಮ್ಮಾ,

ನಿಮ್ಮ ಕಡೆ ಡಿಸೆಂಬರಿನಲ್ಲೇ ಮುಗಿದಿರಬೇಕು, ನಮ್ಮ ಹಳೆಯ ಪಂಚಾಂಗದ ಕ್ರಿಸ್‌ಮಸ್ ನಿನ್ನೆ. ಒಳಗೆ ಮೊಟ್ಟೆ ತುಂಬಿ ಅರ್ಧಚಂದ್ರದ ಕಡುಬು ಸುಟ್ಟೆ. ಅಭ್ಯಾಸಬಲದಿಂದ ಮೂರು ಸುಟ್ಟೆ. ಅಪ್ಪನ ಪಾಲಿನದನ್ನು ಸಮಾಧಿಗೆ ಒಯ್ದೆ, ನಿನ್ನ ಪಾಲನ್ನು ಗೋಚಾ ತಿಂದ.

ನಿನ್ನ ಅಕ್ಷರಗಳು ಯಾಕೋ ಕುಂಟುತ್ತಿವೆ. ಪೆಟ್ಟಾದದ್ದು ಕಾಲಿಗೆ ಅಂದೆಯಲ್ಲ?

ಈಗ ಒಂದು ಮಾತು ಹೇಳಲೇಬೇಕು. ಅಮ್ಮ ತೀರಿದ ವರ್ಷ ನಿನಗೆ ಹತ್ತೊಂಬತ್ತು. ಆ ಈಸ್ಟರಿನಲ್ಲಿ ನಮ್ಮ ಮೇಲಿನೂರಿನ ಗಂಡಸರೆಲ್ಲ ಒಂದು ಕಡೆ, ಕೆಳಗಿನೂರಿನವರೆಲ್ಲ ಒಂದು ಕಡೆ. ನಡುವೆ ಅಪ್ಪ ಹೊಲಿದ ಹದಿನಾರು ಕಿಲೋ ಮಣ್ಣಿನ ಚೆಂಡು. ಅವರ ಹಳ್ಳಕ್ಕೆ ಒಂದೇ ಮಾರು ದೂರವಿದ್ದಾಗ ನೀನು ಆ ರಾಶಿಯಡಿ ಹೋಗಿ, ಇಡೀ ಕೆಳಗಿನೂರನ್ನೇ ಕತ್ತಿನ ಮೇಲೆ ಹೊತ್ತು ಎದ್ದೆ. ಅಲ್ಲಿಂದ ನಮ್ಮ ಹಳ್ಳದವರೆಗೆ ತಿರುಗಿ ನೋಡಲಿಲ್ಲ. ತಮ್ಮ ಹಳ್ಳಕ್ಕೆ ಚೆಂಡು ಒಯ್ದು ಗೆದ್ದ ಕಡೆಯವರು ಆ ವರ್ಷ ತೀರಿದ ತಮ್ಮವರ ಸಮಾಧಿಯ ಮೇಲೆ ಚೆಂಡು ಇಡಬೇಕಲ್ಲ, ಅದನ್ನು ಅಮ್ಮನ ಮೇಲೆ ಇಟ್ಟವನು ನೀನೇ. ಅವತ್ತು ನೋಡಲು ಬಂದಿದ್ದ ಕುತೈಸಿಯ ರಗ್ಬಿ ಮೇಷ್ಟ್ರು ಅಪ್ಪನ ಕೈ ಹಿಡಿದು, "ಮುರ್ಮಾನ್, ಈ ಹುಡುಗನ ಕತ್ತು ನನಗೆ ಕೊಡಿ" ಎಂದಿದ್ದರು. ಅಪ್ಪ ಕೊಟ್ಟ. ಅಲ್ಲಿಂದೀಚೆಗೆ ಮೇಲಿನೂರು ಒಂದು ಸಲವೂ ಗೆದ್ದಿಲ್ಲ.

ಆ ಚೆಂಡು ಈಗಲೂ ಅಮ್ಮನ ಮೇಲಿದೆ. ಚರ್ಮ ಬಿರಿದು, ಒಳಗಿನ ಮಣ್ಣಿನಿಂದ ಹುಲ್ಲು ಹುಟ್ಟಿದೆ. ಅದರ ಪಕ್ಕದಲ್ಲೇ ಅಪ್ಪ ಮಲಗಿದ್ದಾನೆ, ಬರಿದಾಗಿ.

ನೀನು ಸೆಪ್ಟೆಂಬರಿನಲ್ಲಿ ಅವನಿಗೆ ಮಾತು ಕೊಟ್ಟಿದ್ದೆಯಂತೆ. "ಜುಂಬೆರ್ ಬಂದು ನನಗೂ ಒಂದು ತಂದುಕೊಡ್ತಾನಂತೆ ಕಣೇ" ಎಂದು ಕೊನೆಯ ವಾರವೆಲ್ಲ ಅದನ್ನೇ ಹೇಳಿದ. ಈ ಸಲ ಗೆದ್ದರೆ ಮಾತ್ರ ಅವನಿಗೆ ಸಿಗುವುದು. ಮುಂದಿನ ವರ್ಷ ಬೇರೆಯವರ ಸರದಿ. ಕೆಳಗಿನೂರಿನವರು ಸೂಲಗಿತ್ತಿ ಲಾಮಾರಾಳಿಗೆ ಅಂತ ಹಟ ತೊಟ್ಟಿದ್ದಾರೆ. ಆಕೆಯೂ ನವೆಂಬರಿನಲ್ಲಿ ಹೋದಳು. ಅವರ ಮುಂದಾಳು ವಾಲಿಕೊ ನಿನ್ನೆ ಇಗರ್ಜಿಯಲ್ಲಿ ಎಲ್ಲರ ಎದುರು, "ಎತೆರಿ, ನಿನ್ನ ತಮ್ಮ ಮಣ್ಣಿಗೇ ಬರ್ಲಿಲ್ಲ, ಇನ್ನು ಚೆಂಡಿಗೆ ಬರ್ತಾನಾ?" ಅಂದ.

ಅದಕ್ಕೆ ಉತ್ತರ ನೀನು ಬರೆ.

ಎತೆರಿ


ವಾಲ್‌ಬ್ರೂನ್
೪ ಮಾರ್ಚ್ ೨೦೧೮

ಅಕ್ಕಾ,

ಒಂದು ಕನಸು ಮತ್ತೆ ಮತ್ತೆ ಬೀಳುತ್ತಿದೆ. ಮೈದಾನದ ನಡುವೆ ಅಪ್ಪ ಮುಕ್ಕಾಲಿ ಹಾಕಿಕೊಂಡು ಕೂತಿದ್ದಾನೆ. ಮೊಣಕಾಲುಗಳ ನಡುವೆ ಒಂದು ಚೆಂಡು. ಹತ್ತಿರ ಹೋದರೆ ಅದು ಚೆಂಡಲ್ಲ, ನನ್ನ ತಲೆ. ಮೇಣ ಹಚ್ಚಿದ ದಾರದಿಂದ ಅದನ್ನು ಹೆಗಲಿಗೆ ಹೊಲಿಯುತ್ತಿದ್ದಾನೆ. ನೋವಿಲ್ಲ. "ಅಲ್ಲಾಡಬೇಡ್ವೋ, ಸೊಟ್ಟ ಆಗತ್ತೆ" ಅನ್ನುತ್ತಾನೆ. ಸುತ್ತ ಕೂತ ಸಾವಿರಾರು ಜನ ಒಂದು ಮಾತಿಲ್ಲದೆ ನೋಡುತ್ತಿದ್ದಾರೆ. ಎದ್ದಾಗ ಕೋಣೆಯಲ್ಲಿ ಚರ್ಮದ ವಾಸನೆ ಇರುತ್ತದೆ.

ಬರುತ್ತೇನೆ. ಕೊಟ್ಟ ಮಾತು ಮಾತೇ. ವಾಲಿಕೊಗೆ ಹೇಳು, ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡಿರಲಿ.

ಈಸ್ಟರಿನ ಹಿಂದಿನ ದಿನ, ಶನಿವಾರ ಇಳಿಯುತ್ತೇನೆ. ಯಾರನ್ನೂ ಎದುರುಗೊಳ್ಳಲು ಕರೆತರಬೇಡ. ತಬ್ಬಿಕೊಳ್ಳುವವರು ಮೆಲ್ಲಗೆ ತಬ್ಬಿಕೊಳ್ಳಲಿ.

ಜುಂಬೆರ್


ಲಾಶೆತಿ
೨೨ ಮಾರ್ಚ್ ೨೦೧೮

ತಮ್ಮಾ,

ಚೆಂಡು ಮುಗಿಯಿತು. ಒಂಬತ್ತು ದಿನ ಹಿಡಿಯಿತು, ಬೆರಳುಗಳೆಲ್ಲ ತೂತು. ಹೊರಗೆ ಪ್ಲಮ್ ಮರ ಹೂ ಬಿಟ್ಟಿದೆ. ಗಾಳಿ ಬಂದರೆ ಎಸಳು ಒಳಗೆ ಹಾರಿ ಬಂದು ಚರ್ಮದ ಮೇಲೆ ಕೂರುತ್ತವೆ. ಎರಡು ಎಸಳು ಹೊಲಿಗೆಯಲ್ಲಿ ಸಿಕ್ಕಿಕೊಂಡವು, ಹಾಗೇ ಬಿಟ್ಟೆ.

ಅಪ್ಪ ಕಲಿಸಿದ್ದು ನೆನಪಿದೆಯಾ? "ಕೊನೇ ಹೊಲಿಗೆ ಬಿಗೀಬೇಡ ಮಗಳೇ. ಮಣ್ಣೂ ಉಸಿರಾಡಬೇಕು." ಹಾಗೆಯೇ ಮಾಡಿದ್ದೇನೆ.

ಮಣ್ಣು ತುಂಬುವಾಗ ಯಾರನ್ನೂ ಒಳಗೆ ಬಿಡಲಿಲ್ಲ. ಅದರಲ್ಲಿ ಒಂದು ಕೆಲಸ ಮಾಡಿದ್ದೇನೆ. ಸರಿಯೋ ತಪ್ಪೋ ಪಾದ್ರಿಯನ್ನೂ ಕೇಳಿಲ್ಲ. ಮುಂದೆ ಯಾವಾಗಲಾದರೂ ಹೇಳುತ್ತೇನೆ.

ಬಾ.

ಎತೆರಿ


ಲಾಶೆತಿ
೧೭ ಏಪ್ರಿಲ್ ೨೦೧೮

ನನ್ನ ಜುಂಬೆರ್,

ಹಬ್ಬದ ಮಾರನೆಯ ದಿನ, ಸೋಮವಾರ ನಾನು ಏಳುವಷ್ಟರಲ್ಲಿ ನೀನು ಹೊರಟುಹೋಗಿದ್ದೆ. ಹಾಸಿಗೆ ಮಡಿಸಿತ್ತು. ಮೇಜಿನ ಮೇಲೆ ಕೆಂಪು ಮೊಟ್ಟೆ ಒಂದು ಇತ್ತು, ಒಡೆಯದೆ ಇಟ್ಟದ್ದು. ನನ್ನ ಮೇಲೆ ಸಿಟ್ಟಿದೆ ನಿನಗೆ, ಗೊತ್ತು. ಅಪ್ಪನಿಗೆ ಬರಬೇಕಾದದ್ದನ್ನು ನಾನೇ ತಪ್ಪಿಸಿದೆ. ಯಾಕೆ ಅಂತ ಬರೆಯುತ್ತೇನೆ.

ನೀನು ಬಂದ ಶನಿವಾರವೇ ನನಗೆ ಅನುಮಾನ ಬಂತು. ಅಪ್ಪನ ಸಮಾಧಿಗೆ ನೀನು ಬಗ್ಗಿದ್ದು ಹಲಗೆ ಬಗ್ಗಿದ ಹಾಗೆ, ಸೊಂಟದಿಂದ. ತಲೆ ಮಾತ್ರ ಬಗ್ಗಲಿಲ್ಲ. ಆಮೇಲೆ ಅಂಗಳದಲ್ಲಿ ಮುಖ ತೊಳೆಯುವಾಗ ಮಫ್ಲರ್ ಜಾರಿತು. ಹಿಂಗತ್ತಿನ ಮೇಲೆ ಹನ್ನೆರಡು ಹೊಲಿಗೆಯ ಗುರುತು. ನಾನು ಚರ್ಮದವನ ಮಗಳು ಕಣೋ. ಹೊಲಿಗೆ ಎಷ್ಟು ಹಳೆಯದು ಅಂತ ಬಣ್ಣ ನೋಡಿದರೆ ನನಗೆ ಗೊತ್ತಾಗುವುದಿಲ್ಲವೇ? ಅದು ಆರು ತಿಂಗಳ ಹಿಂದಿನದು. ಆರು ತಿಂಗಳ ಹಿಂದೆ ಏನು ನಡೆಯಿತೆಂದು ಲೆಕ್ಕ ಹಾಕುತ್ತ ಬೆಳಗಿನವರೆಗೆ ಕೂತಿದ್ದೆ. ಶನಿವಾರದ ಮ್ಯಾಚ್. ಪಟ್ಟಿಯಲ್ಲಿಲ್ಲದ ಹೆಸರು. ನೀರಿನಡಿಯ ದನಿ. ಗೋಚಾನ ಕಣ್ಣಿಗೆ ಪೊರೆ ಇರಲಿಲ್ಲ, ನನ್ನ ಕಣ್ಣಿಗೆ ಇತ್ತು.

ಆದರೂ ಬಾಯಿ ಬಿಡಲಿಲ್ಲ. ನೀನೇ ಹೇಳುತ್ತೀ ಎಂದು ಕಾದೆ. ಭಾನುವಾರ ನೀನು ಅಂಗಿ ತೊಟ್ಟು, "ಅಕ್ಕಾ, ಚೆಂಡು ನಾನೇ ಇಗರ್ಜಿಗೆ ಹೊರ್ತೀನಿ" ಅಂದೆ. ಹೊಲಿದ ಮನೆಯವರು ಹೊರುವುದು ರೂಢಿ, ನಾನು ಹೇಗೆ ಬೇಡವೆನ್ನಲಿ? ದಾರಿಯುದ್ದಕ್ಕೂ ಎರಡೂ ಊರು ನಿಂತು ನಿನ್ನನ್ನು ನೋಡುತ್ತಿತ್ತು. ನಾನು ನಿನ್ನ ಬಲಗೈ ಬೆರಳುಗಳನ್ನು ನೋಡುತ್ತಿದ್ದೆ. ಅವು ಮೆಲ್ಲಗೆ ಬಿಚ್ಚಿಕೊಳ್ಳುತ್ತಿದ್ದವು, ಮಲಗಿದ ಮಗುವಿನ ಬೆರಳಿನ ಹಾಗೆ, ನಿನಗೇ ಗೊತ್ತಿಲ್ಲದೆ. ಮೆಟ್ಟಿಲ ಮೇಲೆ ಚೆಂಡು ಬಿತ್ತು.

ಆಮೇಲೆ ವಾಲಿಕೊ, "ಏನೋ ಜುಂಬೆರ್, ಫ್ರಾನ್ಸಲ್ಲಿ ಚೆಂಡಿಗೆ ಗಾಳಿ ತುಂಬ್ತಾರಂತೆ! ಮಣ್ಣಿನ ಭಾರ ಮರ್ತೇಹೋಯ್ತೇನೋ?" ಅಂದ. ಜನ ನಕ್ಕರು. ನೀನೂ ನಕ್ಕೆ. ನಗುತ್ತಲೇ ಅಂಗಿಯ ತೋಳು ಮಡಿಸಿದೆ. ಆಗ ನನಗೆ ತಿಳಿಯಿತು, ಇವನು ಹೇಳುವುದಿಲ್ಲ, ಹಾಗೇ ರಾಶಿಯೊಳಕ್ಕೆ ಹೋಗುತ್ತಾನೆ.

ಅದಕ್ಕೇ ಕೂಗಿದೆ. "ಚೆಂಡು ಬೀಳಿಸಿದವನು ಆ ವರ್ಷ ಆಡೋ ಹಾಗಿಲ್ಲ!"

ಅನ್ಜೋರ್ ತಾತ ಕಣ್ಣು ಪಿಳುಕಿಸಿ, "ಅಂಥ ಪದ್ಧತಿ ಇದ್ಯೇನಮ್ಮಾ?" ಅಂದ.

"ಇದೆ. ಹೊಲಿಯೋರಿಗೆ ಮಾತ್ರ ಗೊತ್ತಿರೋದು. ಅಪ್ಪ ನನಗೆ ಹೇಳಿದ್ದ."

ಸತ್ತವನ ಹೆಸರಿನಲ್ಲಿ ಹೇಳಿದ ಸುಳ್ಳು ಅದು. ದೇವರು ಕ್ಷಮಿಸಲಿ. ನೀನು ನನ್ನ ಕಡೆ ನೋಡಿದ ನೋಟ ಇನ್ನೂ ಎದೆಯಲ್ಲಿದೆ. "ಅಕ್ಕಾ, ಅಪ್ಪ..." ಎಂದಷ್ಟೇ ಅಂದೆ. "ಇಗರ್ಜಿ ಗೋಡೆ ಹತ್ತಿ ನಿಂತ್ಕೊ" ಅಂದೆ ನಾನು.

ಮುಂದಿನದು ನೀನೂ ನೋಡಿದ್ದೀ. ನೀನು ಗೋಡೆಯ ಮೇಲಿಂದ "ಬಗ್ಗೀ... ಹಿಡೀರಿ... ಈಗ!" ಎಂದು ಕೂಗಿದ ಹಾಗೆಲ್ಲ ಮೇಲಿನೂರು ಒಬ್ಬನೇ ಮನುಷ್ಯನ ಹಾಗೆ ತಳ್ಳಿತು. ಮೂರು ಗಂಟೆ ಆ ರಾಶಿ ರಸ್ತೆಯಲ್ಲೂ ಬೇಲಿಯಲ್ಲೂ ಗೋಚಾನ ಜೋಳದ ಹೊಲದಲ್ಲೂ ತೇಲಾಡಿತು. ಮೇಲೆ ಬೆವರಿನ ಹಬೆ ಮೋಡದಂತೆ ನಿಂತಿತ್ತು. ನಮ್ಮ ಹಳ್ಳಕ್ಕೆ ಹತ್ತು ಹೆಜ್ಜೆ ಇತ್ತು. ಆ ಹತ್ತು ಹೆಜ್ಜೆಗೆ ಒಂದು ಕತ್ತು ಬೇಕಿತ್ತು. ಅದು ಗೋಡೆಯ ಮೇಲಿತ್ತು. ಹೊತ್ತು ಇಳಿಯುವಷ್ಟರಲ್ಲಿ ಚೆಂಡು ಅವರ ಹಳ್ಳದಲ್ಲಿತ್ತು.

ಈಗ ನಿನಗೆ ಗೊತ್ತಿಲ್ಲದ್ದು ಕೇಳು. ಮಣ್ಣು ತುಂಬುವಾಗ ಮಾಡಿದ ಕೆಲಸ ಇದು: ಅದರಲ್ಲಿ ಅರ್ಧ ಮಣ್ಣು ಅಪ್ಪನ ಸಮಾಧಿಯದು. ಸೋತರೆ ಚೆಂಡು ಅವನ ಬಳಿಗೆ ಬರುವುದಿಲ್ಲ, ಅವನಾದರೂ ಚೆಂಡಿನ ಬಳಿಗೆ ಹೋಗಲಿ ಅಂದುಕೊಂಡೆ. ಎರಡೂ ಊರು ಒಂದು ದಿನ ಅವನನ್ನು ಎದೆಗೆ ಅವುಚಿಕೊಳ್ಳಲಿ ಅಂದುಕೊಂಡೆ.

ಸೋಮವಾರ ಎಲ್ಲರೂ ಸಮಾಧಿಗಳಿಗೆ ಹೋಗುವ ದಿನವಲ್ಲವೇ, ವೈನ್ ಹಿಡಿದು ಲಾಮಾರಾಳ ಬಳಿ ಹೋದೆ. ಚೆಂಡು ಅವಳ ಎದೆಯ ಮೇಲೆ ಕೂತಿತ್ತು, ಪ್ಲಮ್ಮಿನ ಎಸಳು ಒಂದು ಇನ್ನೂ ಉಳಿದಿತ್ತು. ವಾಲಿಕೊ ಒಂದು ಕಣ್ಣು ಊದಿಸಿಕೊಂಡು ಅಲ್ಲೇ ಕೂತಿದ್ದ. ತಡೆಯಲಾಗದೆ ಅವನಿಗೆ ಹೇಳಿಬಿಟ್ಟೆ.

"ಅಂದ್ರೆ ಮೂರು ಗಂಟೆ ನಾನು ಹೆಣಗಾಡಿ ಹೊತ್ತದ್ದು ನಿಮ್ಮಪ್ಪನ್ನೇನೇ? ಬದುಕಿದ್ದಾಗ ಇಷ್ಟು ಭಾರ ಇರ್ಲಿಲ್ಲವಲ್ಲೇ ಆಸಾಮಿ!" ಅಂದ. ಆಮೇಲೆ ಲೋಟದಲ್ಲಿದ್ದ ವೈನನ್ನು ಅರ್ಧ ಲಾಮಾರಾಳಿಗೆ ಸುರಿದು, ಅರ್ಧ ಚೆಂಡಿಗೆ ಸುರಿದ. "ಕೆಳಗಿನೂರಿಗೆ ಬಾ ಬಾ ಅಂತ ನಲವತ್ತು ವರ್ಷ ಕರ್ದೆ ಮುರ್ಮಾನ್. ಈಗ ಬಂದ್ಯಾ? ಕೂತ್ಕೊ" ಅಂದ.

ಅಲ್ಲಿಯೇ ನನಗೆ ಇನ್ನೊಂದು ನೆನಪಾಯಿತು. ನೀನು ಹುಟ್ಟುವಾಗ ಹೊಕ್ಕುಳ ಬಳ್ಳಿ ನಿನ್ನ ಕತ್ತಿಗೆ ಸುತ್ತಿಕೊಂಡಿತ್ತು. ಮೈ ನೀಲಿ. ನನಗೆ ಏಳು ವರ್ಷ, ಬಾಗಿಲ ಸಂದಿಯಿಂದ ನೋಡಿದೆ. ಲಾಮಾರಾ ಎರಡು ಬೆರಳು ತೂರಿಸಿ ಬಿಡಿಸಿದಳು. "ಎತ್ತಿನ ಕತ್ತು ಇದಕ್ಕೆ, ಬದುಕ್ಕೊಳ್ಳತ್ತೆ" ಅಂದಳು. ಆ ಕತ್ತನ್ನು ಮೊದಲು ಹಿಡಿದವಳು ಅವಳು. ಅಪ್ಪ ಈಗ ಅವಳ ಬಳಿ ಹೋಗಿ ಕೂತಿದ್ದಾನೆ ಅಂದರೆ, ನಾನು ಅಷ್ಟೇನೂ ತಪ್ಪು ಮಾಡಿಲ್ಲ ಅನ್ನಿಸುತ್ತದೆ.

ಅಂದ ಹಾಗೆ, ಚೆಂಡು ಬೀಳಿಸಿದವನು ಆಡಬಾರದು ಎಂಬುದು ಅಜ್ಜಂದಿರ ಕಾಲದ ಪದ್ಧತಿ ಎಂದು ಅನ್ಜೋರ್ ತಾತ ಈಗ ಎಲ್ಲರಿಗೂ ವಿವರಿಸುತ್ತಿದ್ದಾನೆ. ಅವನ ತಾತನೂ ಹೇಳಿದ್ದನಂತೆ.

ನೀನು ನನಗೆ ಏನೂ ಹೇಳಬೇಕಾಗಿಲ್ಲ. ಕೈ ಬೆಚ್ಚಗಿಟ್ಟುಕೊ.

ನಿನ್ನ ಎತೆರಿ


ವಾಲ್‌ಬ್ರೂನ್
೨೦ ಮೇ ೨೦೧೮

ಅಕ್ಕಾ,

ಸಿಟ್ಟು ನಿನ್ನ ಮೇಲಿರಲಿಲ್ಲ. ಗೋಡೆಯ ಮೇಲೆ ನಿಂತಾಗ ನನಗೆ ಹಗುರವಾಯಿತು. ಅಪ್ಪನಿಗೆ ಮಾತು ತಪ್ಪಿದ ಮಗನಿಗೆ ಹಗುರವಾಯಿತು. ಆ ನಾಚಿಕೆಗೆ ಓಡಿಬಂದೆ.

ಆಸ್ಪತ್ರೆಯಲ್ಲಿದ್ದೆ ಅಂತ ಆಗ ಹೇಳಿದ್ದರೆ ಅದೊಂದು ನೆಪದ ಹಾಗೆ ಕೇಳಿಸುತ್ತಿತ್ತು. ಮ್ಯಾಚ್ ಇದೆ ಅಂದರೆ ನೀನು ಬೈಯುತ್ತೀ, ಬೈದರೆ ಅರ್ಧ ಭಾರ ಇಳಿಯುತ್ತದೆ ಅಂದುಕೊಂಡೆ. ನೀನು ಬೈಯಲೇ ಇಲ್ಲ.

ನಿನ್ನ ಪತ್ರ ಬಂದ ಮಾರನೆಯ ದಿನ ತಂಡದವರಿಗೆ ತಿಳಿಸಿದೆ, ಇನ್ನು ಆಡುವುದಿಲ್ಲ ಎಂದು. ವೈದ್ಯರು ಅಕ್ಟೋಬರಿನಲ್ಲೇ ಹೇಳಿದ್ದ ಮಾತನ್ನು ನಾನು ಮೇ ತಿಂಗಳಲ್ಲಿ ಒಪ್ಪಿಕೊಂಡೆ. ಕಳೆದ ಭಾನುವಾರ ಕೊನೆಯ ಆಟದ ದಿನ ನನ್ನನ್ನು ಮೈದಾನದ ನಡುವೆ ನಿಲ್ಲಿಸಿದರು. ಜನ ಎದ್ದು ನಿಂತು ಹಾಡಿದರು. ಯಾರೂ ನನ್ನನ್ನು ತಳ್ಳುತ್ತಿರಲಿಲ್ಲ, ನಾನೂ ಯಾರಿಗೂ ಒರಗಿರಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಲ್ಲಿಂದ ತಲೆಯೆತ್ತಿ ನೋಡಿದೆ. ಆಕಾಶ ಅಷ್ಟು ದೊಡ್ಡದಿದೆ ಎಂದು ಗೊತ್ತಿರಲಿಲ್ಲ. ಫೆಲೆತಿ ಬಂದು ಮೆಲ್ಲಗೆ ತಬ್ಬಿಕೊಂಡ.

ಶರತ್ಕಾಲಕ್ಕೆ ಬರುತ್ತೇನೆ. ಕುತೈಸಿಯ ಮೇಷ್ಟ್ರು ತಮ್ಮ ಹುಡುಗರಿಗೆ ಬೀಳದೆ ಇರುವುದನ್ನು ಕಲಿಸಲು ಕರೆದಿದ್ದಾರೆ. ಹೊಲಿಯುವುದನ್ನು ನೀನು ನನಗೆ ಎಡಗೈಯಲ್ಲಿ ಕಲಿಸು.

ಇದರೊಳಗೆ ಇನ್ನೊಂದು ಪತ್ರವಿದೆ. ಅಂಚೆಗೆ ಹಾಕದೆ ಉಳಿದದ್ದು. ಅಪ್ಪನಿಗೆ ಓದಿ ಹೇಳು. ಎಲ್ಲಿ ಕೂತು ಓದಬೇಕು ಎಂದು ನಿನಗೇ ಬಿಟ್ಟಿದ್ದೇನೆ. ಅವನು ಈಗ ಎರಡೂ ಕಡೆ ಇದ್ದಾನಲ್ಲ.

ಜುಂಬೆರ್


ಆಸ್ಪತ್ರೆ, ಶುಕ್ರವಾರ
೬ ಅಕ್ಟೋಬರ್ ೨೦೧೭

ಅಪ್ಪಾ,

ಇದು ಎಡಗೈ ಬರಹ, ನಗಬೇಡ. ಎತೆರಿಗೆ ತೋರಿಸಬೇಡ. ನಿನಗೆ ಮೈ ಸರಿಯಿಲ್ಲ ಅಂದಳು. ಗುಣವಾದ ಮೇಲೆ ಓದು.

ಆ ಗುಂಪಿನೊಳಗೆ ಏನು ಕಾಣತ್ತೆ ಅಂತ ಕೇಳುತ್ತಿದ್ದೆಯಲ್ಲ, ಹೇಳುತ್ತೇನೆ. ಕತ್ತಲೆ ಇರುತ್ತದೆ, ಮನೆಯೊಳಗಿನ ಕತ್ತಲೆಯ ಹಾಗೆ, ಬೆಚ್ಚಗೆ. ಹದಿನಾರು ಜನರ ಉಸಿರು ಒಂದೇ ಉಸಿರಾಗುತ್ತದೆ. ಕೆಳಗೆ ಒಂದು ಚಾಪೆಯಷ್ಟು ಹುಲ್ಲು ಕಾಣುತ್ತದೆ. ನಾನು ಯಾವಾಗಲೂ ಅದನ್ನೇ ನೋಡುತ್ತೇನೆ. ಎಲ್ಲಿ ಆಡಿದರೂ ಅದು ನಮ್ಮ ಅಂಗಳದ ಹುಲ್ಲೇ.

ಹೋದ ಶನಿವಾರ ಎಲ್ಲರೂ ಒಟ್ಟಿಗೆ ಕುಸಿದೆವು. ಕತ್ತಿನಲ್ಲಿ ದಾರ ಹರಿದಂಥ ಸದ್ದಾಯಿತು, ಅಷ್ಟೇ. ಕಣ್ಣೆದುರು ಒಂದು ಹುಲ್ಲುಗರಿ, ಅದರ ತುದಿಯಲ್ಲಿ ಒಂದು ಹನಿ. ಅದು ಈಗ ಬೀಳುತ್ತದೆ, ಈಗ ಬೀಳುತ್ತದೆ ಅಂತ ಕಾಯುತ್ತಿದ್ದೆ. ಬೀಳಲಿಲ್ಲ. ಫೆಲೆತಿ ನನ್ನ ಪಾದ ಹಿಡಿದುಕೊಂಡು ಹಾಡುತ್ತಿದ್ದ. ನನಗೆ ಮಾತ್ರ ನಿನ್ನ ಮೇಣದ ವಾಸನೆ ಬಂತು.

ನಾಳೆ ಬೆಳಿಗ್ಗೆ ಹೊಲಿಯುತ್ತಾರಂತೆ. ವೈದ್ಯನ ಬೆರಳು ನೋಡಿದೆ, ಬಹಳ ತೆಳ್ಳಗಿವೆ. ಕೊನೆಯ ಹೊಲಿಗೆ ಬಿಗಿಯಬಾರದು ಅಂತ ಅವನಿಗೆ ಹೇಳಬೇಕೆಂದಿದ್ದೆ. ಆ ಮಾತು ಅವರ ಭಾಷೆಯಲ್ಲಿ ನನಗೆ ಬರಲಿಲ್ಲ.

ಈಸ್ಟರಿಗೆ ಬರುತ್ತೇನೆ ಅಪ್ಪಾ. ನೀನೂ ಇರು.

ನಿನ್ನ ಜುಂಬೆರ್